ಪಕ್ಕದ ಸೈಟು

ನಮ್ಮಪ್ಪ ಕಡೂರು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ನಾನು ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಮನೆ ಕೊಡುತ್ತಿದ್ದದ್ದು ಹುದ್ದೆ ನೋಡಿ, ಜಾತಿ ನೋಡಿ ಅಲ್ಲ. ನಾವು ಸಿಂಗಟಗೆರೆ ಕಡೆಯ ಹೊಲಗೇರಿಯಿಂದ ಬಂದವರು, ಗೋಡೆಯಾಚೆಗಿದ್ದವರು ಲಿಂಗಾಯತರು. ಆ ಮನೆಯಾಕೆಯನ್ನು ಅವ್ವ 'ಅಕ್ಕ' ಎನ್ನುತ್ತಿದ್ದಳು, ನಾವೂ ಹಾಗೇ ಕರೆಯುತ್ತಿದ್ದೆವು. ಸಂಜೆ ಹಿತ್ತಲಲ್ಲಿ ಕೂತು ಇಬ್ಬರೂ ಒಬ್ಬರಿಗೊಬ್ಬರು ಜಡೆ ಹಾಕುತ್ತಿದ್ದರು. ಅವ್ವ ಅವರ ಅಡುಗೆಮನೆಗೆ ಮಾತ್ರ ಎಂದೂ ಕಾಲಿಟ್ಟವಳಲ್ಲ. ಆ ವಿಷಯ ಇಬ್ಬರ ಮಾತಿನಲ್ಲೂ ಬರುತ್ತಿರಲಿಲ್ಲ.

ಎಂಬತ್ತರ ಆಸುಪಾಸಿನಲ್ಲಿ ತರೀಕೆರೆ ರಸ್ತೆಯ ಕಡೆ ಹೊಲವೊಂದನ್ನು ಒಡೆದು ಬಡಾವಣೆ ಮಾಡಿದರು. ಹೊಲದ ಯಜಮಾನರು ಅಕ್ಕನಿಗೆ ದೂರದ ನೆಂಟರು. ಅಕ್ಕ ಅಲ್ಲೊಂದು ಸೈಟು ಹಿಡಿದರು. ಪಕ್ಕದ್ದನ್ನು ನೀವು ತಗೊಳ್ಳಿ ಎಂದು ಅವ್ವನ ಬೆನ್ನು ಬಿದ್ದವರೂ ಅವರೇ. ಅಪ್ಪನಿಗೆ ರಿಟೈರ್‌ಮೆಂಟು ಹತ್ತಿರವಾಗಿತ್ತು. ಅಡ್ವಾನ್ಸು ಕೊಟ್ಟು ಬಂದ.

ಒಂದು ಭಾನುವಾರ ಎಲ್ಲರೂ ನೋಡಲು ಹೋದೆವು. ನೇಗಿಲ ಗೆರೆ ಇನ್ನೂ ಮಾಸಿರಲಿಲ್ಲ. ಅವ್ವ ಚಪ್ಪಲಿ ಬಿಟ್ಟು ಓಡಾಡಿ, ಒಲೆ ಇಲ್ಲಿ, ಬಚ್ಚಲು ಅಲ್ಲಿ ಎಂದು ತೋರಿಸಿದಳು. ನಡುವಿನ ಕಾಂಪೌಂಡು ಎದೆಮಟ್ಟ ಇದ್ದರೆ ಸಾಕು, ಅಕ್ಕನ ಹತ್ತಿರ ಮಾತಾಡಬೇಕಲ್ಲ ಎಂದಳು.

ಕೆಲವು ದಿನಗಳ ಮೇಲೆ ಹೊಲದ ಯಜಮಾನರು ಅಪ್ಪನನ್ನು ಕರೆಸಿ ಅಡ್ವಾನ್ಸು ವಾಪಸು ಕೊಟ್ಟರು. ಅಪ್ಪ ಮನೆಗೆ ಬಂದು ಯೂನಿಫಾರ್ಮಿನಲ್ಲೇ ಕೂತ.

"ಜಾತಿ ಅನ್ನೋ ಮಾತೇ ಎತ್ತಲಿಲ್ಲ ಕಣೇ. ನಿಮಗೆ ಕೊಟ್ರೆ ಉಳಿದಿದ್ದು ಯಾರೂ ತಗಳಲ್ಲ, ರೇಟು ಬಿದ್ದೋಗುತ್ತೆ ಅಂದ್ರು. ಮರ್ಯಾದೆಯಾಗೇ ಅಂದ್ರು."

ಅವ್ವ ಮುದ್ದೆಗೆ ಎಸರಿಟ್ಟಳು. ಅಕ್ಕ ಹಿತ್ತಲಿಗೆ ಬಂದು, ತಮ್ಮ ಮಾತು ನಡೆಯಲಿಲ್ಲವೆಂದು ಅತ್ತರು. ಅವ್ವನೇ ಅವರ ಬೆನ್ನು ಸವರಿ ಸಮಾಧಾನ ಮಾಡಿ ಕಳಿಸಿದಳು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅಕ್ಕನ ಗೃಹಪ್ರವೇಶಕ್ಕೆ ನಾವೂ ಹೋದೆವು. ಪಕ್ಕದ ಸೈಟು ಇನ್ನೂ ಖಾಲಿ ಇತ್ತು, ಊಟದ ಚಪ್ಪರವನ್ನು ಅಲ್ಲೇ ಹಾಕಿದ್ದರು. ನಮ್ಮನ್ನು ಕೂರಿಸಿದ್ದು ಕೊನೆಯ ಪಂಕ್ತಿಯಲ್ಲಿ. ತನ್ನ ಮನೆಯಾಗಬೇಕಿದ್ದ ನೆಲದ ಮೇಲೆ ಎಲೆ ಹಾಕಿಸಿಕೊಂಡು ಕೂತ ಅವ್ವ ಅನ್ನ ಕಲಸಿದಳು, ಉಣ್ಣಲಾಗಲಿಲ್ಲ.

ಊರೊಳಗೆ ಬಾಡಿಗೆ ಮನೆಗಳನ್ನೂ ಕೇಳಿದೆವು. ಖಾಲಿ ಇದೆ ಎಂದವರೇ, ನಾವು ಯಾವ ಪೈಕಿ ಎಂದು ತಿಳಿದ ಮೇಲೆ, ನೆಂಟರು ಬರುತ್ತಾರೆ ಎಂದುಬಿಡುತ್ತಿದ್ದರು. ಅಪ್ಪ ರಿಟೈರಾದ ಮೇಲೆ ಸಿಕ್ಕಿದ್ದು ಊರಾಚೆ, ಕೆರೆಯ ಹಿಂದಿನ ತಗ್ಗಿನಲ್ಲಿದ್ದ ಜನತಾ ಮನೆ. ಬಡಾವಣೆಗೆ ಡಾಂಬರು ಬಂತು, ಬೀದಿದೀಪ ಬಂತು, ಮನೆಮನೆಗೆ ನಲ್ಲಿ ಬಂತು. ನಮ್ಮ ಕಡೆಗೆ ಹೊರಟ ಪೈಪು ರಸ್ತೆಯ ತಿರುವಿನಲ್ಲೇ ನಿಂತಿತು. ಅವ್ವ ಅಲ್ಲಿಂದ ನೀರು ಹೊರುತ್ತಿದ್ದಳು.

ಅಕ್ಕ ಒಮ್ಮೆ ನಮ್ಮನ್ನು ಹುಡುಕಿಕೊಂಡು ಬಂದರು. ಜಗಲಿಯ ಮೇಲೆ ಕೂತು ಅವ್ವ ಕೊಟ್ಟ ಕಾಫಿ ಕುಡಿದರು. ದಿನವೂ ಮಾತಾಡಿ ಮುಗಿಯದಿದ್ದ ಇಬ್ಬರಿಗೂ ಅಂದು ಮಾತು ಹುಟ್ಟಲಿಲ್ಲ.

"ಗಾಳಿ ಚೆನ್ನಾಗೈತೆ ಕಣೇ ಇಲ್ಲಿ," ಎಂದರು ಅಕ್ಕ.

ಅವ್ವ ಹೂಂ ಎಂದಳು. ತಿರುವಿನವರೆಗೆ ಜೊತೆಗೆ ಹೋಗಿ ಬೀಳ್ಕೊಟ್ಟು ಬಂದಳು. ಅಕ್ಕ ಮತ್ತೆ ಬರಲಿಲ್ಲ. ಅವ್ವನೂ ಬಡಾವಣೆಯ ರಸ್ತೆ ತುಳಿಯಲಿಲ್ಲ. ಸಂತೆಗೆ ಹೋಗುವಾಗಲೂ ಸುತ್ತು ಹಾಕಿಯೇ ಹೋಗುತ್ತಿದ್ದಳು. ಯಾಕೆಂದು ಕೇಳಿದರೆ ಆ ಕಡೆ ಬಿಸಿಲು ಜಾಸ್ತಿ ಎನ್ನುತ್ತಿದ್ದಳು.