ಮೂರು ಪಟ್ಟೆ ಮೀನಿನ ಹರಿದ ಬಾಲ

ಆ ಮೀನಿನ ಬಾಲ ಯಾಕೆ ಹರಿಯಿತು ಎಂದು ಅರಸೀಕೆರೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ದೃಷ್ಟಿ ಎಂದರು. ವಯಸ್ಸಾಯಿತು ಎಂದರು. ಗಾಜಿನಲ್ಲಿ ತನ್ನ ಮುಖ ತಾನೇ ನೋಡಿಕೊಂಡು ಹೆದರಿದೆ ಎಂದರು. ಮದುವೆ ಊಟಕ್ಕೆ ಬಂದ ಕೊಬ್ಬರಿ ದಲ್ಲಾಳಿಯೊಬ್ಬರು ಗಾಜಿಗೆ ಮೂಗು ಒತ್ತಿ ನೋಡಿ, "ಇದುಕ್ಕೆ ಕ್ಯಾಲ್ಸಿಯಂ ಕಮ್ಮಿ ಆಗೈತೆ" ಎಂದು ತೀರ್ಪು ಕೊಟ್ಟು ಪಂಕ್ತಿಗೆ ಹೋಗಿ ಕೂತರು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಮ್ಮದು ತೆಂಗಿನ ತೋಟ, ಕೊಬ್ಬರಿ ವ್ಯಾಪಾರದ ಮನೆ. ಜೊತೆಗೆ ಊರೊಳಗೆ ಒಂದು ಕಲ್ಯಾಣ ಮಂಟಪ. ಅದರ ಯಜಮಾನಿಕೆ ನನ್ನ ಗಂಡನ ಅಣ್ಣ, ನಮ್ಮ ಭಾವನವರದು. ಅವರು ಬೆಂಗಳೂರಿನ ಯಾವುದೋ ಛತ್ರದಲ್ಲಿ ಸಮುದ್ರದ ಮೀನಿನ ತೊಟ್ಟಿ ನೋಡಿ ಬಂದರು. ಬಂದವರೇ ನಮ್ಮ ಮಂಟಪದ ಬಾಗಿಲಲ್ಲೂ ಅಂಥದ್ದೇ ಇರಬೇಕೆಂದು ಹಟ ಹಿಡಿದರು. ಕೆರೆಯ ಮೀನೋ ಬಣ್ಣದ ಮೀನೋ ಸಾಕೋಣ ಎಂದರೆ, "ಅದೆಲ್ಲಾ ಸಲೂನ್ ಅಂಗಡೀಲೂ ಇರ್ತದಮ್ಮ" ಎಂದರು. ತೊಟ್ಟಿಯ ವ್ಯಾಪಾರಿ ಬಂದು ಗಾಜು, ಪಂಪು, ಕಲ್ಲು, ಉಪ್ಪಿನ ಚೀಲ ಇಳಿಸಿ, ನೀರು ಕಲಸಿ, ನೀಲಿ ಮೀನೊಂದನ್ನೂ ಕಿತ್ತಳೆ ಮೀನೊಂದನ್ನೂ ಬಿಟ್ಟು ಹೋದ.

ಕಿತ್ತಳೆ ಮೀನಿನ ಮೈಮೇಲೆ ಮೂರು ಬಿಳಿ ಪಟ್ಟೆ. ಮಠಕ್ಕೆ ನಡೆದುಕೊಳ್ಳುವ ನಮ್ಮ ಮನೆಗೆ ಅಷ್ಟು ಸಾಕಾಯಿತು. ಭಾವನವರ ಹೆಂಡತಿ, ನನ್ನ ವಾರಗಿತ್ತಿ, ಹಾರನಹಳ್ಳಿ ಕಡೆಯವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರು ತೊಟ್ಟಿಯ ಮುಂದೆ ನಿಂತವರೇ ಕೈ ಮುಗಿದರು. "ನೋಡೇ, ವಿಭೂತಿ ಹಚ್ಕೊಂಡೇ ಹುಟ್ಟೈತೆ! ನಮ್ಮ ಐನೋರಿದ್ದಂಗೇ ಐತೆ ಕಣೇ!" ಅಂದಿನಿಂದ ಅದು ಎಲ್ಲರ ಬಾಯಲ್ಲೂ ಐನೋರಾಯಿತು. ಮದುಮಕ್ಕಳು ಹಸೆಮಣೆಗೆ ಹೋಗುವ ಮುಂಚೆ ಐನೋರಿಗೆ ಕೈ ಮುಗಿಯತೊಡಗಿದರು. ನೀಲಿ ಮೀನನ್ನು ತಿರುಗಿ ನೋಡುವವರೇ ಇರಲಿಲ್ಲ.

ಪೂಜೆಗೆ ಎಲ್ಲರೂ, ಸೇವೆಗೆ ನಾನು. ನೀರು ಬದಲಿಸುವುದು, ಉಪ್ಪಿನ ಅಳತೆ ನೋಡುವುದು, ಗಾಜು ಉಜ್ಜುವುದು, ಎಲ್ಲ ನನ್ನ ತಲೆಗೆ ಬಂತು. ಬೈದುಕೊಂಡೇ ಹೋದವಳು ಆ ಮೀನಿಗೆ ಮನಸೋತೆ. ನಾನು ಮಂಟಪದ ಬಾಗಿಲು ದಾಟಿದರೆ ಸಾಕು, ಗಾಜಿನ ಹತ್ತಿರ ಬಂದು ಇಡೀ ಮೈ ಕುಣಿಸುತ್ತಿತ್ತು. ಕಾಲೇಜಿನಲ್ಲಿ ನನ್ನ ಪಾಠಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ.

ಲಗ್ನದ ಕಾಲ ಶುರುವಾದ ಮೇಲೆ ಬಾಲ ಹರಿಯತೊಡಗಿತು. ಭಾವನವರು ನೋಡಿದರು, ಮುಖ ಸಿಂಡರಿಸಿದರು. "ಬಾಲ ಕಿತ್ತೋದ ಮೀನು ಮದುವೆ ಮನೇಲಿ ಅಪಶಕುನ ಕಣಮ್ಮ. ಈ ಲಗ್ನಗಳು ಮುಗಿಯೋದ್ರೊಳಗೆ ಸರಿ ಮಾಡಿದ್ರೆ ಸರಿ, ಇಲ್ಲಾಂದ್ರೆ ತೆಗೆದು ಬಿಸಾಕಿ." ಕೈ ಮುಗಿಯುವಾಗ ಐನೋರು, ಬಾಲ ಹರಿದರೆ ಬಿಸಾಕುವ ಮೀನು! ಸಾಯಲಿ ಎಂದು ಬಿಡುವವಳು ನಾನಲ್ಲ. ಅದನ್ನು ಉಳಿಸಿಯೇ ತೀರುತ್ತೇನೆ ಎಂದು ಅಲ್ಲೇ, ಅವರ ಮುಖಕ್ಕೇ ಹೇಳಿದೆ.

ವ್ಯಾಪಾರಿಗೆ ಫೋನ್ ಮಾಡಿದರೆ, ಮೀನು ನೋಡದೆಯೇ, "ತಾಮ್ರದ ಔಷಧಿ ಹಾಕ್ಬಿಡಿ ಮೇಡಂ" ಎಂದ. ತಾಮ್ರ ಹಾಕುವುದು ಮೈಮೇಲೆ ಪುಡಿ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಎದ್ದರೆ. ಆ ಚುಕ್ಕೆ ಮಾಡುವ ಪರೋಪಜೀವಿಗೆ ಅದು ಮದ್ದು, ಅಳತೆ ತಪ್ಪಿದರೆ ಮೀನಿಗೇ ವಿಷ. ಇದರ ಮೈಮೇಲೆ ಒಂದು ಚುಕ್ಕೆಯೂ ಇಲ್ಲವೆಂದೆ. "ಹಂಗಾದ್ರೆ ಆ ನೀಲಿ ಮೀನು ಕಚ್ತಿರ್ಬೇಕು, ತೆಗೆದ್ಬಿಡಿ" ಎಂದ. ನಾನು ಉತ್ತರ ಹೇಳುವಷ್ಟರಲ್ಲಿ ನನ್ನ ಗಂಡ ಬಲೆ ಹಿಡಿದುಕೊಂಡು ಬಂದಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ! ಬಲೆ ಕಿತ್ತುಕೊಂಡು ತೊಟ್ಟಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ.

ಬಾಲದ ಗಾಯ ನೋಡುವುದಕ್ಕೆ ಆತುರ ಕೂಡದು. ಇನ್ನೊಂದು ಮೀನು ಕಚ್ಚಿದ್ದರೆ ತುಂಡು ಹಾರಿದ ಜಾಗ ನೀಟಾಗಿ ಅರ್ಧಚಂದ್ರದಂತೆ ಇರುತ್ತದೆ, ಅಂಚು ಸ್ವಚ್ಛವಾಗಿರುತ್ತದೆ. ಕಚ್ಚಿಸಿಕೊಳ್ಳುವ ಮೀನು ಕಲ್ಲಿನ ಸಂದಿಯಲ್ಲಿ ಅಡಗುತ್ತದೆ, ಊಟಕ್ಕೂ ಹೆದರಿ ಬರುತ್ತದೆ. ಬಲೆಗೋ ಕಲ್ಲಿಗೋ ಸಿಕ್ಕಿ ಹರಿದಿದ್ದರೆ ಒಂದೇ ಕಡೆ ಸೀಳು, ದಿನದಿನಕ್ಕೆ ಹೆಚ್ಚುವುದಿಲ್ಲ. ಇಲ್ಲಿ ಅಂಚೆಲ್ಲ ಬೆಳ್ಳಗೆ ಬೂಸಲು ಬಂದಂತಿತ್ತು, ಹಳೇ ಸೀರೆಯ ಸೆರಗಿನಂತೆ ಎಳೆಎಳೆಯಾಗಿ ಬಿಟ್ಟುಕೊಳ್ಳುತ್ತಿತ್ತು, ಬುಡದಲ್ಲಿ ರಕ್ತದ ಗೆರೆ ಕಾಣುತ್ತಿತ್ತು. ನೀಲಿ ಮೀನು ಪಾಪ ತನ್ನ ಪಾಡಿಗೆ ಕಲ್ಲು ಸುತ್ತುತ್ತಿತ್ತು. ಇದು ಕಡಿತವಲ್ಲ, ಕೊಳೆತ. ಕೊಳೆತ ಎಂದರೆ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾಕ್ಕೆ ದಾರಿ ಮಾಡಿಕೊಡುವುದು ಕೆಟ್ಟ ನೀರು.

ಆದರೆ ನೀರನ್ನು ನೋಡಿಕೊಳ್ಳುತ್ತಿದ್ದವಳು ನಾನೇ. ಅದು ಕೆಡುವುದು ಹೇಗೆ? ಪರೀಕ್ಷೆಯ ಕೊಳವೆಗೆ ನೀರು ತುಂಬಿ ದ್ರಾವಣದ ಹನಿ ಹಾಕಿದೆ. ಹಳದಿಯಾಗಿಯೇ ಉಳಿಯಬೇಕಾದದ್ದು ಕಣ್ಣೆದುರೇ ಹಸಿರಾಯಿತು. ಅಮೋನಿಯ. ನೀರು ಬದಲಿಸಿದೆ, ಹಳದಿಗೆ ಬಂತು. ಮಂಟಪದಲ್ಲಿ ಮತ್ತೊಂದು ಮದುವೆ ಮುಗಿಯಿತು, ಮತ್ತೆ ಹಸಿರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ನನ್ನ ಕೆಲಸ. ಸಿಟ್ಟು ನೆತ್ತಿಗೇರಿ, ತೋಳು ಮಡಚಿ, ತೊಟ್ಟಿಗೆ ಕೈ ಹಾಕಿ ಕಲ್ಲುಗಳನ್ನೇ ಎತ್ತಿದೆ. ಅಡಿಯಲ್ಲಿ ಅನ್ನದಂತೆ ಉಬ್ಬಿ, ನಾರುತ್ತಾ, ಹಳದಿ ಅಕ್ಕಿ.

ಅಕ್ಷತೆ. ಅರಿಶಿನ ಕಲಸಿದ ಮದುವೆಯ ಅಕ್ಷತೆ.

ಯಾರು ಎಂದು ಹುಡುಕಬೇಕಾಗಿರಲಿಲ್ಲ. ಕೇಳಿದ್ದಕ್ಕೆ ಅಕ್ಕನೇ ಹೆಮ್ಮೆಯಿಂದ ಹೇಳಿದರು. "ನಾನೇ ಕಣೇ ಹಾಕಿದ್ದು. ಧಾರೆ ಆದ್ಮೇಲೆ ನೆಲದ ಮೇಲೆ ಬಿದ್ದಿರ್ತದಲ್ಲ, ಜನ ತುಳೀತಾರೆ. ಅಕ್ಷತೆ ತುಳಿದ್ರೆ ಬಾಳು ತುಳಿದಂಗೆ. ಗಿಡದ ಬುಡಕ್ಕಾದ್ರೂ ಹಾಕ್ಬೇಕು, ನೀರಿಗಾದ್ರೂ ಬಿಡ್ಬೇಕು. ಇಲ್ಲೇ ನೀರೈತೆ, ನೀರಲ್ಲಿ ಐನೋರೇ ಅವ್ರೆ. ಇನ್ನೆಲ್ಲಿಗೆ ಹಾಕ್ಲಿ?"

"ಅಕ್ಕ, ಅದು ನೀರಲ್ಲಿ ಕೊಳೀತದೆ. ಕೊಳೆತು ವಿಷ ಆಗ್ತದೆ. ಅದರ ಬಾಲ ತಿಂತಿರೋದು ನಿಮ್ಮ ಅಕ್ಷತೆ!"

"ಬಿಡ್ತು ಅನ್ನೇ!" ಎಂದು ಅವರು ಎರಡೂ ಕೆನ್ನೆ ಬಡಿದುಕೊಂಡರು. "ಆಶೀರ್ವಾದದ ಅಕ್ಕಿ ವಿಷ ಆಗ್ತದಾ? ಓದಿದೋರ ಬಾಯಲ್ಲಿ ಇಂಥ ಮಾತು!" ಭಾವನವರು ಅವರ ಪರ. ನನ್ನ ಗಂಡ ಯಾರ ಪರವೂ ಅಲ್ಲ, ಎಂದಿನಂತೆ ಪೇಪರು ಮಡಚುತ್ತಿದ್ದರು. ನಾನು ಕಿರುಚಿದೆ. ಮಂಟಪದ ಅಡುಗೆಯವರೆಲ್ಲ ಸೌಟು ಹಿಡಿದುಕೊಂಡು ಬಂದು ನೋಡುವ ಹಾಗೆ ಕಿರುಚಿದೆ. ತೊಟ್ಟಿಯ ಮುಚ್ಚಳಕ್ಕೆ ಬೀಗ ಹಾಕಿ ಬೀಗದ ಕೈ ನನ್ನ ತಾಳಿಯ ಸರಕ್ಕೆ ಸಿಕ್ಕಿಸಿಕೊಂಡೆ.

ಮೀನನ್ನು ನಮ್ಮ ಮನೆಗೆ ತಂದೆ. ಔಷಧಿಯನ್ನು ದೊಡ್ಡ ತೊಟ್ಟಿಗೆ ಹಾಕುವ ಹಾಗಿರಲಿಲ್ಲ, ಕಲ್ಲಿನ ಮೇಲೆ ಬೆಳೆದ ಒಳ್ಳೆಯ ಬ್ಯಾಕ್ಟೀರಿಯಾ ಸತ್ತರೆ ನೀರು ಇನ್ನೂ ಕೆಡುತ್ತದೆ. ಊಟದ ಮನೆಯ ಕಟ್ಟೆಯ ಮೇಲೆ ಬೇರೊಂದು ಗಾಜಿನ ಪೆಟ್ಟಿಗೆ ಇಟ್ಟೆ. ಕಲ್ಲಿಲ್ಲ, ಮರಳಿಲ್ಲ, ಒಂದು ಸ್ಪಂಜು, ನೀರು ಬೆಚ್ಚಗಿಡುವ ಕಡ್ಡಿ, ಅಡಗಲು ಪೈಪಿನ ತುಂಡು, ಅಷ್ಟೇ. ಸಮುದ್ರದ ಉಪ್ಪನ್ನು ಶುದ್ಧ ನೀರಿಗೆ ಕರಗಿಸಿ, ಹಳೆಯ ನೀರಿಗೆ ಸಮವಾಗುವ ತನಕ ಅಳೆದು, ದಿನವೂ ಸ್ವಲ್ಪ ನೀರು ತೆಗೆದು ಹೊಸದು ಸೇರಿಸುತ್ತಿದ್ದೆ. ಕೊಳೆತಕ್ಕೆ ಬೇಕಾದ ಔಷಧಿಯನ್ನು ಅಳತೆಗೆ ಒಂದು ಹನಿ ಹೆಚ್ಚಾಗದ ಹಾಗೆ ಹಾಕುತ್ತಿದ್ದೆ. ತಿನ್ನದೆ ಮುಖ ತಿರುಗಿಸಿದಾಗ ಬೆಳ್ಳುಳ್ಳಿಯ ರಸದಲ್ಲಿ ನೆನೆಸಿದ ಸಿಗಡಿಯ ಚೂರು ಕೊಟ್ಟೆ. ಲಿಂಗಪೂಜೆಯ ಮನೆಯಲ್ಲಿ ಸಿಗಡಿ! ಅದಕ್ಕೊಂದು ಬೇರೆ ರಾಮಾಯಣ ನಡೆಯಿತು. ಕೊನೆಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೆಚ್ಚಿಕೊಂಡು ತಂದೆ.

ಅಕ್ಕ ಸಂಜೆ ಸಂಜೆಗೆ ಬಂದು ಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ನಾನು ಉಪ್ಪು ಸುರಿಯುವುದನ್ನು ಕಂಡಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. "ಹರಿದ ಬಾಲಕ್ಕೆ ಉಪ್ಪು ಹಾಕ್ತೀಯಲ್ಲೇ, ಗಾಯದ ಮೇಲೆ ಉಪ್ಪು ಹಾಕಿದ್ರೆ ಉರಿಯಲ್ವಾ? ನಿಂಗೆ ಕರುಳೇ ಇಲ್ವೇನೇ?"

"ಅದು ಸಮುದ್ರದ ಮೀನು ಅಕ್ಕ."

"ಆಯ್ತು ಬಿಡು. ಒಗರು ಔಷಧಿ, ಉಪ್ಪು ಔಷಧಿ, ನಿಂಗೇ ಗೊತ್ತು. ನಾನೂ ಹರಕೆ ಹೊತ್ತಿದೀನಿ, ನಂದು ನಾನು ಮಾಡ್ತೀನಿ." ಹರಕೆ ಎಂದರೆ ತೆಂಗಿನಕಾಯಿಗೆ ಬರವಿಲ್ಲದ ಮನೆ, ಎಲ್ಲೋ ಒಂದಿಷ್ಟು ಕಾಯಿ ಒಡೆಸುತ್ತಾರೆ ಎಂದುಕೊಂಡೆ.

ಬಾಲ ಚಿಗುರಿತು. ಮೊದಲು ಬೆಳ್ಳನೆಯ ಬೂಸಲು ಹೋಯಿತು, ಕೆಂಪು ಗೆರೆ ಮಾಸಿತು. ಆಮೇಲೆ ಹರಿದ ಅಂಚಿನಲ್ಲಿ ಹಾಲಿನ ಕೆನೆಯಷ್ಟು ತೆಳ್ಳಗೆ, ಬಣ್ಣವೇ ಇಲ್ಲದ ಪೊರೆ. ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಂಥದ್ದು. ಅದನ್ನು ಕಂಡ ದಿನ ಕಾಲೇಜಿನಲ್ಲಿ ಯಾರನ್ನೂ ಬೈಯಲಿಲ್ಲ. ಪೊರೆಯೊಳಗೆ ಕಡ್ಡಿ ಮೂಡಿತು, ಕಡ್ಡಿಗೆ ಕಿತ್ತಳೆ ಇಳಿಯಿತು, ತುದಿಗೆ ಕಪ್ಪು ಅಂಚು ಬಂತು. ಬೀಸಣಿಗೆ ಬಿಚ್ಚಿದಂತೆ ಬಾಲ ಬಿಚ್ಚಿಕೊಂಡು ಅದು ಪೈಪಿನಿಂದ ಹೊರಗೆ ಬಂದು ಮೈ ಕುಣಿಸಿತು. ಅಕ್ಕ ಅತ್ತರು. ಸುಳ್ಳೇಕೆ, ನಾನೂ ಅತ್ತೆ.

ಹಳೇಬೀಡು ನನ್ನ ತವರು. ತಮ್ಮನ ಮಗುವಿನ ನಾಮಕರಣಕ್ಕೆ ನಾನು ಹಿಂದಿನ ದಿನವೇ ಬಸ್ಸು ಹತ್ತಿದೆ. ಮರಳಿ ಬಂದ ಮೇಲೆ ಮೀನನ್ನು ದೊಡ್ಡ ತೊಟ್ಟಿಗೆ ಬಿಡುವುದೆಂದು ಗಂಡನಿಗೆ ಹೇಳಿದ್ದೆ. ಮಾರನೆಯ ದಿನ ಅವರೂ, ಭಾವನವರೂ, ಅಕ್ಕನೂ ಕಾರಿನಲ್ಲಿ ಬಂದರು, ಹೊತ್ತು ಮೀರಿ ಬಂದರು. ಮಗುವಿಗೆ ಹೆಸರಿಟ್ಟಾಗಿತ್ತು. ಅಕ್ಕನ ಕೈಯಲ್ಲಿ ಖಾಲಿ ತಾಮ್ರದ ಬಿಂದಿಗೆ, ಹಣೆ ತುಂಬ ವಿಭೂತಿ, ಮುಖ ತುಂಬ ನಗು.

"ಹರಕೆ ತೀರಿಸ್ಬಿಟ್ಟು ಬಂದೆ ಕಣೇ" ಎಂದು ನನ್ನ ಕೈಗೆ ಪ್ರಸಾದದ ಬಾಳೆಹಣ್ಣು ಇಟ್ಟರು. "ಬಾಲ ಬಂದ್ರೆ ಇಲ್ಲೇ ಹತ್ರದ ಹುಲಿಕೆರೆ ಕಲ್ಯಾಣೀಗೆ ಬಿಡ್ತೀನಿ ಅಂದಿದ್ದೆ. ಎಂಥಾ ಜಾಗ, ಸುತ್ತಾ ಗುಡಿ, ನಡುವೆ ನೀರು! ಐನೋರು ಸಲೀಸಾಗಿ ಇಳಿದ್ರು."

ನಾನು ಗಂಡನ ಮುಖ ನೋಡಿದೆ. "ನಿಂಗೆ ಹೇಳಿದಾರೆ ಅಂದ್ಕೊಂಡೆ" ಎಂದರು. ಆ ಮನುಷ್ಯ ಜೀವಮಾನವಿಡೀ ಅಂದುಕೊಂಡೇ ಕಳೆದಿದ್ದಾರೆ. ಬಾಳೆಹಣ್ಣನ್ನು ಎಲ್ಲಿ ಬಿಸಾಡಿದೆನೋ ನೆನಪಿಲ್ಲ. ಬಾಣಂತಿ, ಮಗು, ನೆಂಟರು ಯಾರನ್ನೂ ನೋಡದೆ ಕಾರಿನಲ್ಲಿ ಹೋಗಿ ಕೂತೆ. "ಗಾಡಿ ತೆಗೀರಿ, ಹುಲಿಕೆರೆಗೆ" ಎಂದೆ. ಭಾವನವರು ಏನೋ ಹೇಳಲು ಬಂದರು, ನನ್ನ ಮುಖ ನೋಡಿ ಬಿಟ್ಟರು. ಏನಾಯಿತು ಎಂದು ತಿಳಿಯದೆ ಅಕ್ಕನೂ ಹಿಂದೆ ಬಂದು ಹತ್ತಿಕೊಂಡರು. ದಾರಿಯುದ್ದಕ್ಕೂ ಅವರಿಗೆ ಆಡಬೇಕಾದ ಮಾತನ್ನೆಲ್ಲ ಒಂದೊಂದಾಗಿ ಮಸೆದುಕೊಂಡೆ.

ಕಲ್ಯಾಣಿಯ ನೀರು ಹಸಿರಾಗಿ, ನಿಶ್ಚಲವಾಗಿತ್ತು. ಹುಡುಕಬೇಕಾಗಲಿಲ್ಲ. ಆ ಹಸಿರಿನಲ್ಲಿ ಅಂಥ ಕಿತ್ತಳೆ ಬಣ್ಣ ಬೇರೆ ಏನಿರುತ್ತದೆ? ಕೆಳಗಿನ ಮೆಟ್ಟಿಲಿಗೆ ತಾಗಿಕೊಂಡು, ಪಕ್ಕಕ್ಕೆ ಮಲಗಿ ತೇಲುತ್ತಿತ್ತು. ಎತ್ತಿ ಅಂಗೈಯಲ್ಲಿ ಇಟ್ಟುಕೊಂಡೆ. ಕಿವಿರು ಆಡುತ್ತಿರಲಿಲ್ಲ. ಬೆರಳಿನಿಂದ ಬಾಲ ಬಿಡಿಸಿದೆ. ಒಂದು ಎಳೆಯೂ ಹರಿದಿರಲಿಲ್ಲ.

ಅಕ್ಕ ಮೆಟ್ಟಿಲಿಳಿದು ಬಂದು ನನ್ನ ಅಂಗೈ ನೋಡಿದರು. ನಗು ಇಳಿದುಹೋಯಿತು. "ಯಾಕೇ? ಚೆನ್ನಾಗೇ ಇತ್ತಲ್ಲೇ?"

"ಅದು ಬದುಕೋದೇ ಉಪ್ಪುನೀರಲ್ಲಿ ಅಕ್ಕ. ಸೀನೀರು ಅದಕ್ಕೆ ಸಾವು."

"ಉಪ್ಪು ಔಷಧಿಗೆ ಅಲ್ವಾ?" ಎಂದರು. "ವಾಸಿ ಆದ್ಮೇಲೂ ಉಪ್ಪಲ್ಲೇ ಇಟ್ಟವ್ಳಲ್ಲ, ಉರಿತಾ ಐತೇನೋ, ಸೀನೀರು ಕಾಣ್ಲಿ ಪಾಪ ಅಂತ ಬಿಟ್ಟೆ ಕಣೇ."

ಮಸೆದಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಸಿಟ್ಟು ಹೋಗಿರಲಿಲ್ಲ, ಇವತ್ತಿಗೂ ಹೋಗಿಲ್ಲ. ಅಕ್ಕ ಸೆರಗಿನ ಗಂಟು ಬಿಚ್ಚಿದರು. ಬೆಳಿಗ್ಗೆಯ ಪೂಜೆಯಲ್ಲಿ ಉಳಿದ ಅಕ್ಷತೆ ಅದರಲ್ಲಿತ್ತು. ಮುಷ್ಟಿ ತುಂಬಿಕೊಂಡು, ಅಭ್ಯಾಸಬಲದಿಂದ ನೀರಿನ ಕಡೆ ಕೈ ಚಾಚಿದವರು ಅಲ್ಲೇ ನಿಲ್ಲಿಸಿದರು. ನೀರು ನೋಡಿದರು, ನನ್ನನ್ನು ನೋಡಿದರು.

"ಇದನ್ನ ಎಲ್ಲಿಗೆ ಹಾಕ್ಲಿ, ನೀನೇ ಹೇಳೇ" ಎಂದರು.

ಆ ಮನೆಯಲ್ಲಿ ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಮೀನನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ.