ಸ್ಕ್ರೂಡ್ರೈವರ್ ಕಿವಿಗಿಟ್ಟ ರಾತ್ರಿ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಅಂಥ ನಾನೇ ಇದನ್ನು ಹೇಳುತ್ತಿದ್ದೇನೆ ಎಂದರೆ ನೀವೇ ಯೋಚಿಸಿ. ಒಂದಕ್ಷರವೂ ನಾನು ಸೇರಿಸಿದ್ದಲ್ಲ.

ರೋಣದಲ್ಲಿ, ಗಜೇಂದ್ರಗಡ ರಸ್ತೆಯ ಮೇಲೆ ನನ್ನದೂ ನಮ್ಮಣ್ಣ ವೀರೇಶನದೂ ಗ್ಯಾರೇಜ್ ಇದೆ. ಅಣ್ಣನಿಗೆ ಗಾಡಿಗಳ ಹುಚ್ಚು. ತನ್ನ ಹಳೆಯ ಕಾರಿನ ಪೆಟ್ರೋಲ್ ಎಂಜಿನ್ ಕಿತ್ತು, ದೊಡ್ಡ ಜೀಪಿನ ಡೀಸೆಲ್ ಎಂಜಿನ್ ಕೂಡಿಸಿ, ಎಂಜಿನ್ನಿನ ಜೋರು ಹೆಚ್ಚಿಸಲು ಮೇಲೊಂದು ಭಾರಿ ಟರ್ಬೊ ಹಾಕಬೇಕೆಂದು ಹಟ ಹಿಡಿದ.

ಎಂಜಿನ್ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು. ಅದು ಯಾವ ಗಾಡಿಯದು, ಆ ಗಾಡಿಗೆ ಏನಾಗಿತ್ತು... ನಾವು ಕೇಳಲೇ ಇಲ್ಲ. ಸಂದಿಗೊಂದಿಗಳಲ್ಲಿ ಒಣಗಿದ ಹೊಳೆಮಣ್ಣು ಮೆತ್ತಿತ್ತು. ಕೆರೆದು ತೊಳೆದೆವು.

ಮಳೆಗಾಲವೆಲ್ಲ ಅದೇ ಕೆಲಸ. ಗೇರ್‌ಬಾಕ್ಸ್ ಹೊಂದಲಿಲ್ಲ, ಲೇಥಿನಲ್ಲಿ ಹೊಸ ಪ್ಲೇಟು ಮಾಡಿಸಿದೆವು. ಬಾನೆಟ್ ಮುಚ್ಚಲಿಲ್ಲ, ಬಿಚ್ಚಿ ಗೋಡೆಗೆ ಒರಗಿಸಿದೆವು.

ಕೊನೆಗೊಂದು ರಾತ್ರಿ, ಅಕ್ಕಪಕ್ಕದ ಅಂಗಡಿಗಳೆಲ್ಲ ಮುಚ್ಚಿದ ಮೇಲೆ, ಅಣ್ಣ ಚಾವಿ ತಿರುಗಿಸಿದ. ಅಬ್ಬಾ, ಏನು ಆರ್ಭಟ! ತಗಡಿನ ಶೆಡ್ ಗಡಗಡ ನಡುಗಿತು.

"ಹಿಂಗ ಗಜೇಂದ್ರಗಡದ ತನಾ ಹೊಡದು ಬರ್ತೀನಿ. ರಸ್ತಾ ಖಾಲಿ ಐತಿ" ಎಂದ, ಸೀಟಿನಿಂದಲೇ.

"ತಡಿಯೋ ಅಣ್ಣಾ. ಬೇರಿಂಗ್ ಸಪ್ಪಳ ಕೇಳ್ತೀನಿ."

ಒಳಗಿನ ಸಪ್ಪಳ ಕೇಳಲು ನಾವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತುತ್ತೇವೆ. ಡಾಕ್ಟರು ಎದೆ ನೋಡಿದ ಹಾಗೆ.

ಬಗ್ಗಿದೆ. ಬಿಸಿ ಎಣ್ಣೆಯ ವಾಸನೆ ಬರಬೇಕಿತ್ತು... ಹಸಿ ಹೊಳೆಮಣ್ಣಿನ ವಾಸನೆ ಬಂತು. ಟಕಟಕ ಸಪ್ಪಳದ ಅಡಿಯಲ್ಲಿ ಇನ್ನೇನೋ ಇತ್ತು. ಯಾರೋ ಒಳಗಿನಿಂದ ಗಾಜು ಬಡಿದ ಹಾಗೆ... ಕಿವಿ ಇನ್ನಷ್ಟು ಒತ್ತಿದೆ.

"ತಮ್ಮಾ... ಬಾಗಲಾ ತಗಿಯೋ... ಲಗೂ ತಗಿಯೋ..."

ಅಣ್ಣನ ದನಿ!

ಕಿವಿ ತೆಗೆಯದೆ ಕಣ್ಣಷ್ಟೇ ಎತ್ತಿ ನೋಡಿದೆ. ಗಾಜಿನ ಆಚೆ ಅಣ್ಣ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದ. ಕಿವಿಯಲ್ಲಿ ಮಾತ್ರ ಆ ದನಿ ನಿಂತಿರಲಿಲ್ಲ.

"ಬಂದ್ ಮಾಡು! ಬಂದ್ ಮಾಡೋ ಅಣ್ಣಾ!"

ಎಂಜಿನ್ ನಿಂತಿತು. ಕೇಳಿದ್ದನ್ನು ಹೇಳಿದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ಊಟಾ ಮಾಡಿಲ್ಲಲಾ, ಕಿವಿ ಗುಂಯ್ ಅನ್ನಾಕತ್ತೈತಿ ನಿನಗ. ಸರಿ ಅತ್ಲಾಗ, ನಾ ಹೊಂಟೆ."

ನಾನು ಕಾರಿಗೆ ಅಡ್ಡ ನಿಂತೆ. ಅವನು ಈ ಕಾರು ತೆಗೆದುಕೊಂಡು ರಸ್ತೆಗೆ ಹೋದರೆ ವಾಪಸ್ ಬರುವುದಿಲ್ಲ ಎಂದು ನನ್ನ ಕರುಳು ಹೇಳುತ್ತಿತ್ತು. "ನನ್ನ ಆಣಿ ಐತಿ, ಹೋಗಬ್ಯಾಡ. ಮೊದಲ ನೀನೂ ಕೇಳು, ಆಮ್ಯಾಲ ಬೇಕಾದ್ದು ಮಾಡು."

ಬೈಯುತ್ತಾ ಇಳಿದ. ನನ್ನನ್ನು ಅಣಕಿಸಲೆಂದೇ, ನಿಂತ ಎಂಜಿನ್ನಿಗೆ ಸ್ಕ್ರೂಡ್ರೈವರ್ ಊರಿ ಕಿವಿಗೊಟ್ಟ. ಶೆಡ್ಡಿನಲ್ಲಿ ಒಂದು ಹುಳದ ಸಪ್ಪಳವೂ ಇರಲಿಲ್ಲ.

ಅವನ ಮುಖದ ನಗು ಇಳಿಯಿತು. ಬಹಳ ಹೊತ್ತು ಹಾಗೇ ಬಗ್ಗಿ ನಿಂತಿದ್ದ. ಆಮೇಲೆ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟು, ನನ್ನ ಭುಜ ಹಿಡಿದು, "ಮನೀಗೆ ನಡಿ" ಎಂದಷ್ಟೇ ಹೇಳಿದ.

ಮರುದಿನವೇ ಎಂಜಿನ್ ಇಳಿಸಿ, ಶೆಡ್ಡಿನ ಹಿಂದೆ ತಾಡಪತ್ರಿ ಹೊದಿಸಿಟ್ಟ. ಏನು ಕೇಳಿಸಿತು ಎಂದು ಎಷ್ಟು ಸಲ ಕೆದಕಿದರೂ ಬಾಯಿ ಬಿಡಲಿಲ್ಲ.

ಮೊನ್ನೆ ನರಗುಂದದಿಂದ ಯಾರೋ ಆ ಎಂಜಿನ್ ಕೇಳಿಕೊಂಡು ಬಂದರು. "ಕೊಡೂದಿಲ್ರಿ" ಎಂದು ಅಣ್ಣ ಖಡಕ್ಕಾಗಿ ಹೇಳಿ ಕಳಿಸಿದ. ಅವರು ಹೋದ ಮೇಲೆ ನನ್ನ ಪಕ್ಕದಲ್ಲಿ ಕೂತ.

"ಅವತ್ತ ನನಗ ನಿನ್ನ ದನಿ ಕೇಳಸ್ತು" ಎಂದ. "ನೀ ಅಳಾಕತ್ತಿದ್ದಿ... 'ಅಣ್ಣಾ, ಬಾಗಲಾ ತಗಿಯಾಕ ಬರವಲ್ದೋ' ಅಂತ."

ಆ ರಾತ್ರಿ ನಾನು ಅತ್ತಿರಲಿಲ್ಲ. ಹಾಗೆ ಅಳುವ ಪ್ರಸಂಗ ಇವತ್ತಿನವರೆಗೂ ಬಂದಿಲ್ಲ. ಆದರೆ ಅಣ್ಣ ಗಿರಾಕಿಗಳ ಗಾಡಿ ಟ್ರಯಲ್ ನೋಡಲು ಹೋದಾಗಲೆಲ್ಲ, ಅವನು ತಿರುಗಿ ಬರುವ ತನಕ ನಾನು ರಸ್ತೆಯ ಮೇಲೇ ನಿಂತಿರುತ್ತೇನೆ.