ಗೌಜಲಹಕ್ಕಿ ಬಾರದ ಬೆಳಗು

ದಾಟಿ ಹೋಯಿತೋ, ಇಲ್ಲೇ ಎಲ್ಲೋ ಕೂತಿದೆಯೋ? ಕಡ್ಡಿಪೊರಕೆ ಹಿಡಿದು ನಿಂತಿರುವ ಒಡಿರಿಲೆ ಮೊಗಲಾಕ್ವೆ ಅವರ ತಲೆಯಲ್ಲಿ ಇದೊಂದೇ ಪ್ರಶ್ನೆ. ಖ್ವಾಯ್ ನದಿಯ ಮೇಲೆ ಬೆಳಕು ಈಗಷ್ಟೇ ಬೂದಿ ಬಣ್ಣಕ್ಕೆ ತಿರುಗುತ್ತಿದೆ. ಸಫಾರಿ ಶಿಬಿರದ ಮೂರನೇ ಮತ್ತು ನಾಲ್ಕನೇ ಡೇರೆಗಳ ನಡುವಿನ ಮರಳಿನಲ್ಲಿ ಸಿಂಹಿಣಿಯ ಹೆಜ್ಜೆಗಳಿವೆ. ಅಂಚು ಇನ್ನೂ ಕುಸಿದಿಲ್ಲ. ಬಂದು ಒಂದು ಗಂಟೆ ಆಗಿದ್ದರೆ ಹೆಚ್ಚು. ಹೆಜ್ಜೆಗಳು ನದಿಗೆ ಇಳಿಯುವ ಕಾಲುದಾರಿಯವರೆಗೆ ಬಂದು ನಿಂತುಬಿಡುತ್ತವೆ. ದಾರಿಯ ಮೇಲೆ ಏನೂ ಇಲ್ಲ. ಅದನ್ನು ಒಡಿರಿಲೆ ಕತ್ತಲಿರುವಾಗಲೇ ಗುಡಿಸಿಬಿಟ್ಟಿದ್ದಾರೆ.

ದಾರಿಯ ಆಚೆ ಸೊಂಟದೆತ್ತರದ ಪೊದೆ, ಅದರ ಬುಡದಲ್ಲಿ ಹುಲ್ಲು. ಹುಲ್ಲಿನಲ್ಲಿ ಹೆಜ್ಜೆ ಮೂಡುವುದಿಲ್ಲ. ಸಿಂಹಿಣಿ ದಾರಿ ಹಿಡಿದು ನದಿಗೆ ಹೋಗಿರಬಹುದು, ಇಲ್ಲವೇ ದಾರಿ ದಾಟಿ ಪೊದೆ ಹೊಕ್ಕಿರಬಹುದು. ಇನ್ನು ಹತ್ತು ನಿಮಿಷಕ್ಕೆ ಆರು ಮಂದಿ ಪಕ್ಷಿವೀಕ್ಷಕರು ಇದೇ ದಾರಿಯಲ್ಲಿ ನಡೆದು ಹೋಗುತ್ತಾರೆ.

ಒಡಿರಿಲೆಗೆ ಈಗ ಐವತ್ತೆಂಟು. ಈ ಶಿಬಿರದಲ್ಲಿ ಗುಡಿಸುವ ಕೆಲಸಕ್ಕೆ ಸೇರಿ ಇಪ್ಪತ್ಮೂರು ವರ್ಷ. ಸಂಜೆ ಆರು ಡೇರೆಗಳ ಸುತ್ತ, ಅಡುಗೆಮನೆಯ ಸುತ್ತ, ಕಾಲುದಾರಿಯ ಉದ್ದಕ್ಕೂ ಮರಳನ್ನು ನುಣುಪಾಗಿ ಎಳೆದಿಡುತ್ತಾರೆ. ಎರಡು ಗಂಟೆಯ ಕೆಲಸ. ಬೆನ್ನು ಈಗೀಗ ಮಾತು ಕೇಳುವುದಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು, ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಆ ಮರಳನ್ನು ಓದುತ್ತಾರೆ. ಓದಿ ಮುಗಿದ ಮೇಲೆಯೇ ಗುಡಿಸುವುದು. ಕತ್ತೆಕಿರುಬ ಬಂದಿತ್ತೇ, ಆನೆ ಎಷ್ಟು ಹೊತ್ತಿಗೆ ಹೋಯಿತು, ಮುಳ್ಳುಹಂದಿ ಒಂದೋ ಎರಡೋ, ಎಲ್ಲವನ್ನೂ ಗೈಡ್‌ಗೆ ಹೇಳುತ್ತಾರೆ. ಗೈಡ್ ಅದನ್ನು ಅಡುಗೆಮನೆಯ ಕರಿಹಲಗೆಯ ಮೇಲೆ ಬರೆದು, ಕೆಳಗೆ ತನ್ನ ಹೆಸರು ಹಾಕುತ್ತಾನೆ. ಗುಡಿಸುವವನ ಹೆಸರಿಗೆ ಆ ಹಲಗೆಯಲ್ಲಿ ಜಾಗವಿಲ್ಲ.

ಈ ವಿದ್ಯೆ ಅವರಿಗೆ ಬಂದದ್ದು ಅಪ್ಪನ ದನದ ಹಟ್ಟಿಯಲ್ಲಿ. ರೋಗ ಬಂದು ಹಟ್ಟಿ ಖಾಲಿಯಾದ ವರ್ಷ ಅವರು ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದರು. “ತಪ್ಪಿಸ್ಕೊಂಡ ದನ ಹುಡುಕೋನಿಗೆ ಹೆಜ್ಜೆ ಗೊತ್ತಿರ್ಬೇಕು,” ಎನ್ನುತ್ತಾರೆ. “ದನ ಹೋದ್ವು. ಹೆಜ್ಜೆ ಉಳ್ಕೊಂಡ್ವು.”

ಅಡುಗೆಮನೆಯಲ್ಲಿ ದೀಪ ಹತ್ತಿದೆ. ಅಡುಗೆಯ ಮ್ಮಾ ಪೇಲೊ, ಎಲ್ಲರ ಪೇಲೊ ಅಮ್ಮ, ಜೋಳದ ಗಂಜಿ ತಿರುವುತ್ತಿದ್ದಾರೆ. ಅತಿಥಿಗಳು ದುರ್ಬೀನು ನೇತುಹಾಕಿಕೊಂಡು ನಿಂತೇ ಚಹಾ ಕುಡಿಯುತ್ತಿದ್ದಾರೆ. ಅವರಲ್ಲಿ ಹಿರಿಯರು ಹೆಡ್ವಿಗ್ ಎಂಬ ಎಪ್ಪತ್ತು ದಾಟಿದ ಮಹಿಳೆ. ನದಿಯಂಚಿನ ಅತ್ತಿಮರದಲ್ಲಿ ಕೂರುವ ಕೆಂಚು ಮೀನುಗೂಬೆಯನ್ನು ನೋಡಲೆಂದೇ ಮೂರನೇ ಸಲ ಬಂದಿದ್ದಾರೆ. ಸೂರ್ಯ ಮೇಲೆ ಬಂದರೆ ಗೂಬೆ ಎಲೆಗಳೊಳಗೆ ಸೇರಿಬಿಡುತ್ತದೆ. ನಾಳೆ ಅವರ ವಿಮಾನ.

ಗೈಡ್ ಮೊಥುಸಿ ಇಪ್ಪತ್ತೆಂಟರ ಚುರುಕು ಯುವಕ. ಒಡಿರಿಲೆಯನ್ನು ಮಾವ ಎಂದೇ ಕರೆಯುತ್ತಾನೆ.

“ಮಾವ, ಮರಳು ಏನಂತು?”

ಒಡಿರಿಲೆ ಸಿಂಹಿಣಿಯ ಹೆಜ್ಜೆಯ ವಿಷಯ ಹೇಳುತ್ತಾರೆ. ಇವತ್ತು ಯಾರೂ ಈ ದಾರಿಯಲ್ಲಿ ಇಳಿಯುವುದು ಬೇಡ ಎನ್ನುತ್ತಾರೆ. ಮುಂದೆ ಎಲ್ಲಿ ಹೋಯಿತು ಎಂದು ಮೊಥುಸಿ ಕೇಳಿದಾಗ ಒಂದು ಕ್ಷಣ ಪೊರಕೆಯ ಹಿಡಿ ನೋಡುತ್ತಾ ನಿಲ್ಲುತ್ತಾರೆ. ನದಿಗಿಳಿದ ಹೆಜ್ಜೆ ಕಾಣಲಿಲ್ಲ, ಪೊದೆಯಲ್ಲೇ ಇದೆ ಎಂದು ಬಾಯಿಮಾತಿಗೆ ಹೇಳಿದ್ದರೂ ಎಲ್ಲರೂ ನಂಬುತ್ತಿದ್ದರು. ಅವರ ಮಾತನ್ನು ಇಲ್ಲಿ ಯಾರೂ ಮರುಪ್ರಶ್ನಿಸಿದ್ದಿಲ್ಲ.

“ಗೊತ್ತಿಲ್ಲ. ಓದೋಕ್ ಮುಂಚೆ ಗುಡಿಸಿಬಿಟ್ಟೆ. ತಪ್ಪು ನಂದು.”

ಮ್ಮಾ ಪೇಲೊ ಸೌಟು ನಿಲ್ಲಿಸುತ್ತಾರೆ. “ನಾನು ನೀರು ತರೋಕೆ ಹೋದ್ರೂ ಮರಳು ತುಳಿದೆ ಅಂತ ಬೈತಿದ್ದೆ. ಇವತ್ತು ನೀನೇ ಗುಡಿಸಿ ಕೂತ್ಯಾ ಮಾರಾಯ?”

ಮೊಥುಸಿ ತನ್ನ ಬೂಟು ನೋಡಿಕೊಳ್ಳುತ್ತಾನೆ. ಆಮೇಲೆ, ಗೊತ್ತಿಲ್ಲ ಅಂದ ಮೇಲೆ ತಡೆಯೋದು ಹೇಗೆ, ಈ ಅಜ್ಜಿಗೆ ನಾನೇನು ಹೇಳಲಿ ಎಂದು ಮೆಲ್ಲಗೆ ಕೇಳುತ್ತಾನೆ.

“ಗೌಜಲಹಕ್ಕಿ ಬಂದಿಲ್ಲ ಅಂತ ಹೇಳು.”

ಗುಡಿಸಿದ ಮರಳಲ್ಲಿ ಹೊರಳಾಡಲು ಗೌಜಲಹಕ್ಕಿಗಳ ಗುಂಪೊಂದು ದಿನಾ ಬೆಳಗ್ಗೆ ಆ ಪೊದೆಯಿಂದಲೇ ಇಳಿಯುತ್ತದೆ. ಒಂಬತ್ತು ಹಕ್ಕಿ, ಕಳೆದ ವಾರದಿಂದ ಎಂಟು. ಅವುಗಳ ಕಿರುಚಾಟಕ್ಕೇ ಅತಿಥಿಗಳಿಗೆ ಎಚ್ಚರವಾಗುವುದು. ಇಂದು ದಾರಿ ಗುಡಿಸಿದ ಹಾಗೆಯೇ ಬಿದ್ದಿದೆ. ಅಪಾಯ ಕಂಡು ಕೂಗುವ ಹಕ್ಕಿಯನ್ನು ಯಾರು ಬೇಕಾದರೂ ಕೇಳಿಸಿಕೊಳ್ಳುತ್ತಾರೆ. ಇರಬೇಕಾದ ಸದ್ದು ಇಲ್ಲದಿರುವುದನ್ನು ಕೇಳಿಸಿಕೊಳ್ಳಲು ಅದೇ ಜಾಗದಲ್ಲಿ ಇಪ್ಪತ್ಮೂರು ವರ್ಷ ನಿಂತಿರಬೇಕು.

ಮೊಥುಸಿ ಅತಿಥಿಗಳಿಗೆ ವಿಷಯ ತಿಳಿಸುತ್ತಾನೆ. ಹೆಡ್ವಿಗ್ ಗಡಿಯಾರ ನೋಡಿಕೊಳ್ಳುತ್ತಾರೆ, ಆಕಾಶ ನೋಡುತ್ತಾರೆ, ಇಲ್ಲದ ಹಕ್ಕಿಯನ್ನು ನಂಬಿಕೊಂಡು ಇರುವ ಹಕ್ಕಿಯನ್ನು ಬಿಡಬೇಕೇ ಎಂದು ಕೇಳುತ್ತಾರೆ. ಒಡಿರಿಲೆ ಹೋಗಿ, ಕಾಲುದಾರಿಯ ಬಾಯಿಗೆ ಪೊರಕೆಯನ್ನು ಅಡ್ಡ ಹಿಡಿದು ನಿಲ್ಲುತ್ತಾರೆ. ಸುಳ್ಳಾದರೆ ಇನ್ನು ಮುಂದೆ ತನ್ನ ಮಾತಿಗೆ ಈ ಶಿಬಿರದಲ್ಲಿ ಬೆಲೆಯಿಲ್ಲವೆಂದು ಅವರಿಗೆ ಗೊತ್ತು.

ಇಪ್ಪತ್ತು ನಿಮಿಷ ಕಳೆಯುತ್ತದೆ. ಅತ್ತಿಮರದ ತುದಿಗೆ ಬಿಸಿಲು ಬೀಳುತ್ತದೆ. ಯಾರೋ ನಿಟ್ಟುಸಿರು ಬಿಡುತ್ತಾರೆ.

ಆಗ ಪೊದೆ ಅಲುಗುತ್ತದೆ. ದಾರಿಯಿಂದ ಆರೇಳು ಹೆಜ್ಜೆ ದೂರದಲ್ಲಿ ಸಿಂಹಿಣಿ ಎದ್ದು, ಮೈ ನೀಳ ಚಾಚಿ ಆಕಳಿಸಿ, ಎಲ್ಲರನ್ನೂ ಒಮ್ಮೆ ನೋಡಿ, ಅವಸರವಿಲ್ಲದೆ ದಾರಿಗಿಳಿದು ನದಿಯ ಕಡೆ ನಡೆಯುತ್ತದೆ. ಒಡಿರಿಲೆ ಕತ್ತಲಲ್ಲಿ ಗುಡಿಸುವಾಗಲೂ ಅದು ಅಲ್ಲೇ ಇತ್ತು. ನುಣುಪು ಮರಳಿನ ಮೇಲೆ ಹೊಸ ಹೆಜ್ಜೆಗಳು ಒಂದೊಂದಾಗಿ ಮೂಡುತ್ತವೆ. ಯಾರೂ ಫೋಟೋ ತೆಗೆಯುವುದಿಲ್ಲ.

ಹೆಡ್ವಿಗ್‌ಗೆ ಗೂಬೆ ಸಿಗಲಿಲ್ಲ. ಚಹಾ ಆರಿದ ಮೇಲೆ ಅವರು ತಮ್ಮ ಪುಸ್ತಕ ತೆರೆದು, ಗೌಜಲಹಕ್ಕಿಯ ಹೆಸರು ಬರೆದು ಅದರ ಮುಂದೆ ಸೊನ್ನೆ ಹಾಕುತ್ತಾರೆ. ಐವತ್ತು ವರ್ಷದಲ್ಲಿ ಕಾಣದ ಹಕ್ಕಿಯನ್ನು ಬರೆದುಕೊಂಡದ್ದು ಇದೇ ಮೊದಲು ಎನ್ನುತ್ತಾರೆ. ಆ ಸೊನ್ನೆಯ ಪಕ್ಕ ನಿಮ್ಮ ಹೆಸರು ಬರೆಯಿರಿ ಎಂದು ಪೆನ್ನನ್ನು ಒಡಿರಿಲೆಗೆ ಕೊಡುತ್ತಾರೆ. ಒಡಿರಿಲೆ ನಿಧಾನವಾಗಿ ಪೂರ್ತಿ ಹೆಸರು ಬರೆಯುತ್ತಾರೆ, ಅಪ್ಪನ ಹೆಸರೂ ಸೇರಿಸಿ.

ಏನಾದರೂ ಬೇಕೇ ಎಂದು ಆಕೆ ಕೇಳಿದ್ದಕ್ಕೆ ಅವರ ಉತ್ತರ ಚಿಕ್ಕದು: “ನಾನು ಓದಿ ಮುಗಿಸೋವರ್ಗೂ ಮರಳನ್ನ ಯಾರೂ ಮುಟ್ಬಾರ್ದು. ನಾನೂ ಅಷ್ಟೇ.”

ಸಿಂಹಿಣಿಯ ಸುದ್ದಿ ಈಗ ನದಿಯ ಎಲ್ಲ ಶಿಬಿರಗಳಿಗೂ ಹೋಗಿದೆ. ಓದುವ ಮೊದಲೇ ಗುಡಿಸಿದ್ದು ಯಾಕೆ ಎಂದು ಕೇಳಿದವರಿಗೆಲ್ಲ ಒಡಿರಿಲೆ ತಪ್ಪು ನಂದು ಎಂದಷ್ಟೇ ಹೇಳುತ್ತಾರೆ. ಅತಿಥಿಗಳು ಬೇಗ ಹೊರಡುತ್ತಾರೆ, ಕತ್ತಲಲ್ಲೇ ದಾರಿ ಗುಡಿಸಿಬಿಡಿ ಎಂದು ಹಿಂದಿನ ಸಂಜೆ ಹೇಳಿದ್ದು ಮೊಥುಸಿ. ಅದನ್ನು ಅವರು ಯಾರಿಗೂ ಹೇಳಲಿಲ್ಲ.